ಚೈತ್ರಳ ಕೆಲಸ, ನನ್ನ ಮೋಟರ್ ಸ್ವಿಚ್ಚು

ಕೆಲಸ ಕಳೆದುಕೊಂಡವರು ಇರುವ ಮನೆಯಲ್ಲಿ ಕೆಲಸದಿಂದ ನಿವೃತ್ತರಾದವರು ಇರಬಾರದು. ಇದು ನಾನು ಅನುಭವದಿಂದ ಕಲಿತ ಮಾತು. ಆ ನಿವೃತ್ತರು ನಾನೇ ಆದ್ದರಿಂದ ಸಾಕ್ಷಿಗೆ ಬೇರೆಯವರನ್ನು ಕರೆಯಬೇಕಾಗಿಲ್ಲ. ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಹಾಸ್ಟೆಲ್ಲಿನಲ್ಲಿ ವಾರ್ಡನ್ ಆಗಿದ್ದವಳು ನಾನು. ಐದಕ್ಕೆ ಗಂಟೆ, ಐದೂಕಾಲಿಗೆ ಬಿಸಿನೀರು, ಆರಕ್ಕೆ ಓದು, ಎಂಟಕ್ಕೆ ತಿಂಡಿ. ನಿವೃತ್ತಿಯ ದಿನ ಹಾರ ಹಾಕಿ ಕಳುಹಿಸಿದರು. ಗಂಟೆಯನ್ನು ಅವರೇ ಇಟ್ಟುಕೊಂಡರು, ಹೊಡೆಯುವ ಚಪಲ ಮಾತ್ರ ನನ್ನ ಜೊತೆ ಕುವೆಂಪುನಗರದ ಮನೆಗೆ ಬಂತು. ನಮ್ಮ ಯಜಮಾನರು ಮೊದಲ ತಿಂಗಳೇ, "ನಾನೇನು ನಿನ್ನ ಹದಿನಾಲ್ಕನೇ ನಂಬರ್ ರೂಮಿನ ಹುಡುಗಿ ಅಲ್ಲ ಕಣೇ" ಎಂದು ಹೇಳಿ ಪೇಪರಿನ ಹಿಂದೆ ಅಡಗಿಕೊಂಡರು. ಆಮೇಲೆ ನನ್ನ ಆಡಳಿತಕ್ಕೆ ಉಳಿದದ್ದು ನೀರಿನ ಮೋಟರ್ ಒಂದೇ. ಬೆಳಿಗ್ಗೆ ಐದಕ್ಕೆ ಸರಿಯಾಗಿ ಅದರ ಸ್ವಿಚ್ಚು ಒತ್ತುತ್ತಿದ್ದೆ, ಇಪ್ಪತ್ತು ನಿಮಿಷಕ್ಕೆ ಆರಿಸುತ್ತಿದ್ದೆ. ಮೋಟರು ಸಂಪಿನ ನೀರೊಳಗೆ ಮುಳುಗಿ ಕೂತಿರುವುದರಿಂದ ಸದ್ದು ಕೇಳಿಸುವುದಿಲ್ಲ. ಸ್ವಿಚ್ಚಿನ ಪಕ್ಕದ ಕೆಂಪು ದೀಪ ಹೊತ್ತಿತೆಂದರೆ ಅದು ನನ್ನ ಮಾತು ಕೇಳಿದೆ ಎಂದರ್ಥ. ಮನೆಯಲ್ಲಿ ಹಾಗೆ ಒಂದೇ ಸಲಕ್ಕೆ ಮಾತು ಕೇಳುವವರು ಬೇರೆ ಯಾರೂ ಇರಲಿಲ್ಲ.

ಇಂಥ ಮನೆಗೆ ನನ್ನ ತಮ್ಮನ ಮಗಳು ಚೈತ್ರ ಬಂದು ಸೇರಿದಳು. ಒಂಬತ್ತು ವರ್ಷ ಇದೇ ಮೈಸೂರಿನ ಒಂದು ಕಂಪನಿಯಲ್ಲಿ ದುಡಿದಿದ್ದಳು. ಒಂದು ಸೋಮವಾರ ಬೆಳಿಗ್ಗೆ ಅವರು ಇವಳ ವಿಭಾಗವನ್ನೇ ಮುಚ್ಚಿ, ನೆನಪಿಗೆಂದು ಕಂಪನಿಯ ಹೆಸರಿದ್ದ ಕಾಫಿ ಲೋಟ ಕೊಟ್ಟು ಮನೆಗೆ ಕಳುಹಿಸಿದರು. ಗೋಕುಲಂನಲ್ಲಿ ಅವಳಿದ್ದ ರೂಮಿಗೆ ಯೋಗ ಕಲಿಯಲು ಬಂದ ವಿದೇಶಿಯರು ದುಪ್ಪಟ್ಟು ಬಾಡಿಗೆ ಕೊಡಲು ನಿಂತಿದ್ದರಿಂದ ಅದನ್ನೂ ಬಿಟ್ಟು, ಎರಡು ಸೂಟ್‌ಕೇಸು ಬಟ್ಟೆ ಮತ್ತು ಮೂರು ಡಬ್ಬ ವೈರುಗಳ ಜೊತೆ ನಮ್ಮ ಮಹಡಿಯ ಕೋಣೆಗೆ ಬಂದಳು.

ಅವಳ ಹುದ್ದೆಯ ಹೆಸರು ಎಂಬೆಡೆಡ್ ಸಾಫ್ಟ್‌ವೇರ್ ಎಂಜಿನಿಯರ್. ಹಾಗೆಂದರೇನು ಎಂದು ಮೊದಲ ದಿನವೇ ವಿಚಾರಿಸಿದೆ.

"ವಾಷಿಂಗ್ ಮೆಷಿನ್ ಒಳಗೆ ಒಂದು ಸಣ್ಣ ಚಿಪ್ ಇರುತ್ತಲ್ಲ ಅತ್ತೆ, ಯಾವಾಗ ನೀರು ತಗೋಬೇಕು, ಯಾವಾಗ ತಿರುಗಬೇಕು, ಯಾವಾಗ ನಿಲ್ಲಿಸಬೇಕು ಅಂತ ಅದಕ್ಕೆ ಹೇಳ್ಕೊಡೋದು ನನ್ನ ಕೆಲಸ."

"ಅಂದ್ರೆ ನೀನು ವಾಷಿಂಗ್ ಮೆಷಿನ್ನಿನ ವಾರ್ಡನ್ ಅನ್ನು!"

"ಹೆಚ್ಚುಕಡಿಮೆ ಹಂಗೇ" ಎಂದಳು. ಆ ಕ್ಷಣದಿಂದ ನಾನು ಅವಳನ್ನು ನನ್ನ ವೃತ್ತಿಬಾಂಧವಳೆಂದೇ ತಿಳಿದೆ. ಬೀದಿಯವರು ಮಾತ್ರ ಅಷ್ಟು ದೂರ ಯೋಚಿಸದೆ ಕೆಟ್ಟ ಮಿಕ್ಸಿಗಳನ್ನು ತಂದು ಗೇಟಿನ ಬಳಿ ಇಟ್ಟು ಹೋಗತೊಡಗಿದರು.

ತಿ. ನರಸೀಪುರದ ಕಡೆ ಹಳ್ಳಿಯಲ್ಲಿರುವ ನನ್ನ ತಮ್ಮ ಒಂದು ದಿನ ಫೋನು ಮಾಡಿದ. "ಅಕ್ಕಾ, ಉಗಾದಿವರ್ಗೂ ನೋಡ್ತೀನಿ. ಅಷ್ಟ್ರೊಳಗೆ ಕೆಲ್ಸ ಸಿಗ್ನಿಲ್ಲ ಅಂದ್ರೆ ಬಂದು ನಮ್ಮೂರ ಸೊಸೈಟೀಲಿ ಕಂಪ್ಯೂಟರ್ ಮುಂದೆ ಕೂತ್ಕಳ್ಲಿ. ಗೊಬ್ಬರದ ಚೀಟಿ ಹಾಕ್ಕೊಂಡಿದ್ರೆ ಆಯ್ತು. ಸೆಕ್ರೆಟ್ರಿಗೆ ಹೇಳ್ಬುಟ್ಟಿದೀನಿ." ಪಕ್ಕದಲ್ಲಿದ್ದ ಚೈತ್ರಳ ಮುಖ ಬಿಳಚಿಕೊಂಡಿತು. ತಮ್ಮನ ಸ್ವಭಾವ ನನಗೆ ಗೊತ್ತು. ಸೆಕ್ರೆಟರಿಗೆ ಹೇಳಿಬಿಟ್ಟ ಮೇಲೆ ಅವನು ದೇವರು ಬಂದರೂ ಮಾತು ಹಿಂತೆಗೆದುಕೊಳ್ಳುವವನಲ್ಲ. ಯುಗಾದಿಗೆ ಮೂರು ತಿಂಗಳಿತ್ತು.

ನಾನು ಸೆರಗು ಸಿಕ್ಕಿಸಿ ನಿಂತೆ. ಕೆಲಸ ಹುಡುಕುವುದಕ್ಕೊಂದು ವೇಳಾಪಟ್ಟಿ ಬರೆದು ಅವಳ ಬಾಗಿಲಿಗೆ ಅಂಟಿಸಿದೆ. ಆರಕ್ಕೆ ಓದು, ಒಂಬತ್ತಕ್ಕೆ ಅರ್ಜಿ, ಹನ್ನೊಂದಕ್ಕೆ ಮಜ್ಜಿಗೆ, ಮೂರಕ್ಕೆ ಇನ್ನೊಂದು ಅರ್ಜಿ. ಅವಳು ಬರೆದಿಟ್ಟಿದ್ದ ಬಯೋಡೇಟಾವನ್ನೂ ಕೆಂಪು ಪೆನ್ನು ಹಿಡಿದು ತಿದ್ದಿದೆ. ಆಸಕ್ತಿಗಳು ಎಂಬಲ್ಲಿ ಅವಳು "ಹಳೆಯ ರೇಡಿಯೊಗಳನ್ನು ಬಿಚ್ಚುವುದು" ಎಂದು ಬರೆದಿದ್ದಳು. "ಬಿಚ್ಚೋದು ಅಂತ ಬರೆದ್ರೆ ಯಾರು ಕೆಲಸ ಕೊಡ್ತಾರೆ? ಜೋಡಿಸೋದು ಅಂತ ಬರಿ" ಎಂದೆ. "ಜೋಡಿಸಿದ ಮೇಲೆ ಯಾವಾಗಲೂ ಎರಡು ಸ್ಕ್ರೂ ಉಳಿಯುತ್ತೆ ಅತ್ತೆ, ಸುಳ್ಳು ಹೇಳೋಕಾಗಲ್ಲ" ಎಂದಳು.

ಆದರೆ ಕಂಪನಿಗಳ ಶಿಸ್ತಿನ ಮುಂದೆ ನನ್ನದು ಏನೂ ಅಲ್ಲ. ಒಬ್ಬರು ಆರು ವರ್ಷದ ಹಿಂದೆ ಹುಟ್ಟಿದ ಚಿಪ್ಪಿನ ಮೇಲೆ ಹತ್ತು ವರ್ಷದ ಅನುಭವ ಕೇಳಿದರು. ಇನ್ನೊಬ್ಬರು ಐದು ಸುತ್ತು ಸಂದರ್ಶನ ಮಾಡಿ, ಐದನೆಯದರಲ್ಲಿ ಆ ಹುದ್ದೆಯೇ ಇಲ್ಲವೆಂದು ತಿಳಿಸಿದರು. ಮತ್ತೊಂದು ಕಂಪನಿ, ನಿಮ್ಮ ಅನುಭವ ನಮಗೆ ಬಹಳ ಮೆಚ್ಚುಗೆಯಾಯಿತು ಎಂದು ಅರ್ಜಿ ಹಾಕಿದ ಎರಡೇ ನಿಮಿಷಕ್ಕೆ ತಿರಸ್ಕರಿಸಿತು. ಅರ್ಜಿಯನ್ನು ಓದಿದ್ದು ಮನುಷ್ಯರಲ್ಲ, ಯಂತ್ರವಂತೆ. ಯಂತ್ರಗಳಿಗೆ ಬುದ್ಧಿ ಕಲಿಸುವವಳನ್ನು ಯಂತ್ರವೇ ಬೇಡವೆಂದಿತ್ತು. ನನ್ನ ಕಾಲದಲ್ಲಿ ಹಾಸ್ಟೆಲ್ಲಿನ ಹುಡುಗಿಯರಿಗೆ ವಾರ್ಡನ್ನನ್ನು ಆರಿಸುವ ಅಧಿಕಾರ ಕೊಟ್ಟಿದ್ದರೆ ನನ್ನ ಗತಿಯೂ ಅದೇ ಆಗುತ್ತಿತ್ತು.

ಈ ನಡುವೆ ಅವಳು ಬೇಜಾರು ಕಳೆಯಲು ನಮ್ಮ ಟ್ಯಾಂಕಿಗೆ ಒಂದು ಪೆಟ್ಟಿಗೆ ಮಾಡಿದಳು. ನೀರು ಇಳಿದರೆ ಅದು ತಾನೇ ಮೋಟರು ಹಾಕುತ್ತದೆ, ತುಂಬಿದರೆ ತಾನೇ ಆರಿಸುತ್ತದೆ. "ಇನ್ನು ನೀವು ಐದಕ್ಕೆ ಏಳೋದೇ ಬೇಡ ಅತ್ತೆ" ಎಂದಳು. ಐದಕ್ಕೆ ಏಳದೆ ನಾನು ಮಾಡುವುದಾದರೂ ಏನು? ಮರುದಿನವೂ ಎದ್ದೆ, ಒತ್ತಿದೆ. ಕೈಯಿಂದ ಸ್ವಿಚ್ಚು ಒತ್ತಿದರೆ ಪೆಟ್ಟಿಗೆಯ ಮಾತು ನಡೆಯುತ್ತಿರಲಿಲ್ಲ. ಆಗಲೇ ತುಂಬಿದ್ದ ಟ್ಯಾಂಕು ಉಕ್ಕಿ ಪಕ್ಕದ ಮನೆಯವರು ಒಣಹಾಕಿ ರಾತ್ರಿ ಎತ್ತಿಡದೆ ಬಿಟ್ಟಿದ್ದ ಹಪ್ಪಳದ ಮೇಲೆ ಸುರಿಯಿತು. ನಾನು ಪೆಟ್ಟಿಗೆಯನ್ನು ಬೈದೆ. ಒಂದು ವಾರ ಹೀಗೇ ನಡೆದು, ಆಮೇಲೆ ಉಕ್ಕುವುದು ನಿಂತಿತು. "ನೋಡು, ಈಗ ನಿನ್ನ ಪೆಟ್ಟಿಗೆ ನನಗೆ ಹೊಂದಿಕೊಂಡಿತು" ಎಂದೆ. ಚೈತ್ರ ತಲೆಯಾಡಿಸಿದಳು. ಯಜಮಾನರು ಪೇಪರ್ ಮಗುಚಿದರು.

ಯುಗಾದಿಗೆ ಹತ್ತು ದಿನವಿದ್ದಾಗ ಕೊನೆಯ ಸಂದರ್ಶನ ಬಂತು. ಹಳ್ಳಿಗಳ ಡೈರಿಗಳಿಗೆ ಹಾಲು ತಣ್ಣಗಿಡುವ ಯಂತ್ರ ಮಾಡುವ, ಮೈಸೂರಿನದೇ ಒಂದು ಸಣ್ಣ ಕಂಪನಿ. ಸಂದರ್ಶನ ಕಂಪ್ಯೂಟರಿನಲ್ಲೇ. ಚೈತ್ರ ಊಟದ ಮೇಜಿನ ಮುಂದೆ ಕೂತಳು. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತೆ. ಕದ್ದು ಕೇಳಲು ಅಲ್ಲ, ಮೇಲ್ವಿಚಾರಣೆಗೆ. ಇಂಗ್ಲಿಷಿನಲ್ಲಿ ಶುರುವಾದ ಮಾತು, ಪ್ರಶ್ನೆ ಕೇಳುತ್ತಿದ್ದ ಕಂಪನಿಯ ಮಾಲೀಕರು ಹಾಸನದ ಕಡೆಯವರೆಂದು ತಿಳಿದ ಮೇಲೆ ಕನ್ನಡಕ್ಕೆ ಇಳಿಯಿತು. ಇತ್ತೀಚೆಗೆ ಏನು ಮಾಡಿದ್ದೀರಿ ಎಂದು ಕೇಳಿದರು. ಸ್ವಿಚ್ಚು ಯಾವಾಗ ಒತ್ತಿದ್ದು, ಮೋಟರು ಯಾವಾಗ ಓಡಿದ್ದು ಎಂದು ನಮ್ಮ ಟ್ಯಾಂಕಿನ ಪೆಟ್ಟಿಗೆ ಬರೆದಿಟ್ಟಿದ್ದ ಲೆಕ್ಕವನ್ನೆಲ್ಲ ಅವಳು ಪರದೆಯ ಮೇಲೆ ತೋರಿಸಿದಳು.

"ದಿನಾ ಬೆಳಿಗ್ಗೆ ಐದಕ್ಕೆ ಸರಿಯಾಗಿ ಒಂದು ಗೆರೆ ಇದೆಯಲ್ಲಮ್ಮ, ಏನದು? ಟೈಮರ್ ಇಟ್ಟಿದೀರಾ?"

"ಅಲ್ಲ ಸರ್, ಅದು ನಮ್ಮತ್ತೆ."

"ಅತ್ತೇನಾ! ಒಂದು ನಿಮಿಷ ಕೂಡ ಹಿಂದೆ ಮುಂದೆ ಇಲ್ಲವಲ್ರೀ. ನಮ್ಮ ಗಡಿಯಾರದ ಚಿಪ್ಪೂ ಇಷ್ಟು ಸರಿಯಾಗಿ ನಡೆಯಲ್ಲ."

ಬಾಗಿಲ ಹಿಂದೆ ನನ್ನ ಎದೆ ಉಬ್ಬಿತು. ಇವಳ ಕೆಲಸ ನನ್ನಿಂದಲೇ ಆಗುತ್ತದೆ ಎಂದುಕೊಂಡೆ. ಅದು ನಿಜವೂ ಆಯಿತು, ಬೇರೆ ರೀತಿಯಲ್ಲಿ.

"ಆದ್ರೆ ಅವರು ಒತ್ತಿದಾಗ ಮೋಟರ್ ಓಡೇ ಇಲ್ಲವಲ್ಲ?" ಎಂದರು ಆತ.

"ಇಲ್ಲ ಸರ್. ಟ್ಯಾಂಕ್ ತುಂಬಿದ್ರೂ ಒತ್ತೋರು. ಮೊದಲು ದೀಪ ಹತ್ತದ ಹಂಗೆ ಮಾಡಿದೆ, ಎಂಟು ಸಲ ಒತ್ತಿದ್ರು. ಅತ್ತೇನ ಬದಲಾಯಿಸೋಕಾಗಲ್ಲ, ಅದಕ್ಕೆ ವೈರಿಂಗ್ ಬದಲಾಯಿಸಿದೆ. ಸ್ವಿಚ್ಚಿಂದ ಮೋಟರಿಗೆ ಸಂಬಂಧ ಇಲ್ಲ. ಕೆಂಪು ದೀಪ ಮಾತ್ರ ಹತ್ತುತ್ತೆ. ಈಗ ಅವರೂ ಖುಷಿ, ಟ್ಯಾಂಕೂ ಖುಷಿ."

ಆತ ಬಿದ್ದು ಬಿದ್ದು ನಕ್ಕರು. "ನಮ್ಮ ಒಂದೊಂದು ಡೈರೀಲೂ ನಿಮ್ಮತ್ತೆಯಂಥವರು ಒಬ್ಬೊಬ್ಬರಿದ್ದಾರೆ ಕಣಮ್ಮ. ಅವರ ಕೈಯಿಂದ ಯಂತ್ರ ಕಾಪಾಡೋಕೆ ಗೊತ್ತಿರೋರನ್ನೇ ಒಂದು ವರ್ಷದಿಂದ ಹುಡುಕ್ತಿದೀನಿ. ಸೋಮವಾರ ಬಂದ್ಬುಡಿ."

ನಾನು ನೇರ ಯಜಮಾನರ ಹತ್ತಿರ ಹೋದೆ. "ನಿಮಗೆ ಇದು ಗೊತ್ತಿತ್ತಾ?"

"ಸ್ಕ್ರೂ ಡಬ್ಬಿ ಹಿಡ್ಕೊಂಡಿದ್ದೋನೇ ನಾನು ಕಣೇ" ಎಂದರು ಪೇಪರಿನ ಹಿಂದಿನಿಂದ.

ತಮ್ಮನಿಗೆ ಸುದ್ದಿ ಮುಟ್ಟಿಸಿ, ಸಿಹಿ ತರಲು ಅಂಗಡಿಗೆ ಹೋದೆ. ಅಲ್ಲಿ ಒಬ್ಬ ಹೆಂಗಸು "ಮೇಡಂ!" ಎಂದು ಕಾಲಿಗೆ ಬಿದ್ದಳು. ನನ್ನ ಹಾಸ್ಟೆಲ್ಲಿನ ಹಳೆಯ ಹುಡುಗಿ. ಈಗ ಅವಳೇ ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿ. ಹೊಟ್ಟೆಯಲ್ಲಿಟ್ಟುಕೊಳ್ಳಲಾರದೆ ಸ್ವಿಚ್ಚಿನ ಕತೆಯನ್ನು ಅವಳಿಗೆ ಹೇಳಿದೆ. ಅವಳು ಬೇಕಾದ್ದಕ್ಕಿಂತ ಹೆಚ್ಚು ನಕ್ಕಳು. ಆಮೇಲೆ, "ಈಗ ಹೇಳಿದ್ರೆ ತಪ್ಪಿಲ್ಲ ಅಲ್ವಾ ಮೇಡಂ? ನೀವು ಐದಕ್ಕೆ ಗಂಟೆ ಹೊಡೆದು ಅಂಗಳದಲ್ಲಿ ನಿಂತು ನೋಡ್ತಿದ್ರಿ. ನಾವು ಎಲ್ಲ ರೂಮಲ್ಲೂ ಲೈಟ್ ಹಾಕಿ, ಮುಸುಕು ಹಾಕ್ಕೊಂಡು ಮತ್ತೆ ಮಲಗ್ತಿದ್ವಿ" ಎಂದಳು.

ಅರ್ಧ ಕೆ.ಜಿ. ಮೈಸೂರು ಪಾಕು ಹಿಡಿದು ಮನೆಗೆ ಬಂದೆ. ಚೈತ್ರ ಬಾಗಿಲಲ್ಲೇ ಕಾಯುತ್ತಿದ್ದಳು. "ಅತ್ತೆ, ಬೇಜಾರು ಮಾಡ್ಕೊಬೇಡಿ. ಬೇಕಾದ್ರೆ ಇವತ್ತೇ ಸ್ವಿಚ್ಚಿಗೆ ಕನೆಕ್ಷನ್ ಕೊಟ್ಬುಡ್ತೀನಿ."

"ಬೇಡ ಬಿಡಮ್ಮ" ಎಂದೆ. ದೀಪ ಹೊತ್ತಿದರೆ ಸಾಕು. ಅದಕ್ಕಿಂತ ಮುಂದೆ ಹೋಗಿ ವಿಚಾರಿಸುವ ಅಭ್ಯಾಸ ಮೂವತ್ತೊಂದು ವರ್ಷದ ಸರ್ವೀಸಿನಲ್ಲಿ ನನಗೆ ಆಗಿಯೇ ಇರಲಿಲ್ಲ.