ಗೋಲಿಗೆ ನಿಂತ ಅಪ್ಪ

೨೦೨೪ರ ಜೂನ್ ೯, ಭಾನುವಾರ, ಬೆಳಿಗ್ಗೆ ಆರೂವರೆ. ಕನ್ನಡಕದ ಅಂಗಡಿಯವನು ಮಗಳ ಫುಟ್‌ಬಾಲ್ ಬೂಟುಗಳನ್ನು ಕಾರಿನ ಡಿಕ್ಕಿಗೆ ಹಾಕುತ್ತಿದ್ದಾಗ ಪಕ್ಕದ ಮನೆಯ ಗಣಿತದ ಟೀಚರ್ ಕಾಂಪೌಂಡಿನ ಮೇಲಿಂದ ಇಣುಕಿದರು. ಅವನ ದಿನ ಕೆಟ್ಟದ್ದು ಅಲ್ಲಿಂದಲೇ.

“ಇವತ್ತು ಕ್ಲಬ್ಬಿನ ಆಯ್ಕೆ ಅಲ್ವಾ? ಪುಟ್ಟಿ ಈ ಸಲ ಎ ತಂಡಕ್ಕೆ ಹೋಗ್ತಾಳೆ ಬಿಡಿ.”

“ನಿಮ್ಮ ಬಾಯಿಹರಕೆಯಿಂದ ಹಾಗೇ ಆಗ್ಲಿ ಟೀಚರೇ. ಎರಡು ವರ್ಷದಿಂದ ಬಿ ತಂಡದಲ್ಲೇ ಇದಾಳೆ.”

“ಬರೀ ಆಟ ಸಾಲದು ರೀ. ಕೋಚು ಅಪ್ಪ ಅಮ್ಮನ್ನೂ ಗಮನಿಸ್ತಾರೆ. ಯಾರು ಕೈಜೋಡಿಸ್ತಾರೆ, ಯಾರು ಕುರ್ಚಿ ಹಾಕ್ಕೊಂಡು ಕೂರ್ತಾರೆ ಅಂತ. ನನಗೆ ಗೊತ್ತಾಗಿದ್ದು ತಡವಾಗಿ. ನೋಡಿ, ನನ್ನ ಮಗಳು ಸಿ ತಂಡದಲ್ಲಿ ಕೊಳೀತಿದಾಳೆ.”

ಕಾರಿನಲ್ಲಿ ಪುಟ್ಟಿ ಹೇಳಿಯೇ ಹೇಳಿದಳು: “ಅಪ್ಪಾ, ನೀನು ಏನೂ ಮಾಡ್ಬೇಡ. ಸುಮ್ನೆ ಕೂತ್ಕೋ.”

“ಅಪ್ಪ ಸುಮ್ನೆ ಕೂತ್ರೆ ಮಗಳೂ ಸುಮ್ನೆ ಕೂರ್ಬೇಕಾಗತ್ತೆ, ಬೆಂಚಿನ ಮೇಲೆ.”

ಮೈದಾನದಲ್ಲಿ ಕೋಚ್ ಒಬ್ಬನೇ ಓಡಾಡುತ್ತಿದ್ದ. ಕೊರಳಲ್ಲಿ ಸೀಟಿ, ಕಣ್ಣಲ್ಲಿ ನಿದ್ದೆ.

“ಸಾರ್, ಏನು ಕೆಲಸ ಇದ್ರೂ ಹೇಳಿ.”

“ಯಾವ ಕೆಲಸ ಆದ್ರೂ ಸರೀನಾ?”

“ಯಾವುದಾದ್ರೂ ಸಾರ್!” ಎಂದು ಅವನು ಎಲ್ಲ ತಂದೆತಾಯಿಯರಿಗೂ ಕೇಳುವಂತೆ ಹೇಳಿದ. ಬಾಯಾರಿದವನು ನಲ್ಲಿಯನ್ನು ನೋಡುವಂತೆ ಕೋಚ್ ಅವನನ್ನು ನೋಡಿದ.

ಮೊದಲು ಚೆಂಡುಗಳಿಗೆ ಗಾಳಿ ತುಂಬುವ ಕೆಲಸ. ಗಟ್ಟಿಯಾದಷ್ಟೂ ಒಳ್ಳೆಯದೆಂದು ಅವನು ಬೆವರು ಸುರಿಸಿ ಪಂಪು ಒತ್ತಿದ. ಮೊದಲು ಒದ್ದ ಹುಡುಗಿ ಕಾಲು ಹಿಡಿದು ಕೂತಳು. ಚೆಂಡು ಮಾತ್ರ ಬೇಲಿ ದಾಟಿ, ರಸ್ತೆಯಲ್ಲಿ ಹೋಗುತ್ತಿದ್ದ ಸೈಕಲ್ಲಿನ ಬುಟ್ಟಿಯಲ್ಲಿ ಕೂತು ಊರು ನೋಡಲು ಹೊರಟಿತು.

ಆಮೇಲೆ ಸುಣ್ಣದ ಗೆರೆ ಎಳೆಯುವ ಕೆಲಸ. ಕೈ ಸುಣ್ಣದ ಗಾಡಿ ತಳ್ಳುತ್ತಿತ್ತು, ಕಣ್ಣು ಮಗಳ ಮೇಲಿತ್ತು. ಮಗಳು ಎಡಕ್ಕೆ ಓಡಿದರೆ ಗೆರೆಯೂ ಎಡಕ್ಕೆ, ಬಲಕ್ಕೆ ತಿರುಗಿದರೆ ಗೆರೆಯೂ ಬಲಕ್ಕೆ.

“ಏನ್ ಸಾರ್ ಇದು, ಪೆನಾಲ್ಟಿ ಬಾಕ್ಸೋ, ಕುಂಬಳಕಾಯೋ?”

ಅವನು ಕ್ಷಮೆ ಕೇಳುವಷ್ಟರಲ್ಲಿ ಕೋಚ್ ಕೈಗವಸು ಚಾಚಿದ. “ಗೋಲ್‌ಕೀಪರ್ ಹುಡುಗಿಗೆ ಜ್ವರ. ನೀವೇ ನಿಂತ್ಕೊಳ್ಳಿ.”

ಏಳು ಹುಡುಗಿಯರು ಒದ್ದರು, ಏಳೂ ಗೋಲು. ಹಗ್ಗದಾಚೆ ನಿಂತ ತಂದೆತಾಯಿಯರ ನಗು ಜೋರಾಯಿತು. ಎಂಟನೆಯವಳು ಪುಟ್ಟಿ.

ಈ ಗೋಲು ಆಗಲೇಬೇಕು ಎಂದು ಅವನು ಲೆಕ್ಕ ಹಾಕಿದ. ಪುಟ್ಟಿ ಯಾವಾಗಲೂ ತನ್ನ ಎಡಮೂಲೆಗೆ ಒದೆಯುತ್ತಾಳೆ; ಹಾಗಾಗಿ ಇನ್ನೊಂದು ಮೂಲೆಗೆ ಬಿದ್ದರಾಯಿತು. ಎಡಮೂಲೆಯ ಗುಟ್ಟು ಅಪ್ಪನಿಗೆ ಗೊತ್ತು ಎಂದು ಪುಟ್ಟಿಗೂ ಗೊತ್ತಿತ್ತು. ಅವಳು ಇನ್ನೊಂದು ಮೂಲೆಗೇ ಒದ್ದಳು. ಚೆಂಡು ನೇರವಾಗಿ ಅಲ್ಲೇ ಬಿದ್ದಿದ್ದ ಅವನ ಹೊಟ್ಟೆಗೆ ಬಂತು. ಬಿಟ್ಟುಬಿಡಬಹುದಿತ್ತು. ಆದರೆ ಇಪ್ಪತ್ತು ವರ್ಷ ಗಿರಾಕಿಗಳ ಕೈಜಾರಿದ ಕನ್ನಡಕಗಳನ್ನು ನೆಲ ಮುಟ್ಟುವ ಮುಂಚೆ ಹಿಡಿದು ಪಳಗಿದ ಕೈಗಳು ಅವನ ಮಾತು ಕೇಳಲಿಲ್ಲ. ಚೆಂಡನ್ನು ಹಸುಗೂಸಿನಂತೆ ಅಪ್ಪಿಕೊಂಡವು.

“ಬಿಡಪ್ಪಾ ಅದನ್ನ!” ಎಂದು ಪುಟ್ಟಿ ಕಿರುಚಿದಳು.

ಅವನು ಗಾಬರಿಯಿಂದ ಚೆಂಡನ್ನು ತಲೆಯ ಮೇಲಿಂದ ಹಿಂದಿನ ಬಲೆಗೆ ತಾನೇ ಎಸೆದ.

“ಅದು ಲೆಕ್ಕಕ್ಕಿಲ್ಲ ಸಾರ್,” ಎಂದ ಕೋಚ್.

ಆಯ್ಕೆ ಮುಗಿದ ಮೇಲೆ ಕೋಚ್ ಅಪ್ಪ ಮಗಳನ್ನು ಪಕ್ಕಕ್ಕೆ ಕರೆದ. “ಆ ಒಂದು ಒದೆತ ಬಿಡಿ, ಪುಟ್ಟಿ ಚೆನ್ನಾಗಿ ಆಡಿದ್ಲು. ಎ ತಂಡಕ್ಕೇ ಅಂದ್ಕೊಂಡಿದ್ದೆ.”

“ಅಂದ್ಕೊಂಡಿದ್ದೆ ಅಂದ್ರೆ?”

“ನಿಮ್ಮಂಥವರು ಸಿಗೋದು ಅಪರೂಪ ಸಾರ್. ಸಿ ತಂಡಕ್ಕೆ ಮ್ಯಾನೇಜರ್ ಬೇಕಿತ್ತು. ಯಾವ ಕೆಲಸ ಆದ್ರೂ ಸರಿ ಅಂದ್ರಲ್ಲ, ನಿಮ್ಮನ್ನ ಹಾಕ್ಬಿಟ್ಟೆ.”

“ಆಗ್ಲಿ, ಅದಕ್ಕೇನಂತೆ! ನಾನು ಸಿ ನೋಡ್ಕೋತೀನಿ, ಇವಳು ಎ ನಲ್ಲಿ...”

“ಅದಾಗಲ್ಲ. ಮ್ಯಾನೇಜರ್ ಮಗು ಅದೇ ತಂಡದಲ್ಲಿ ಆಡ್ಬೇಕು, ಕ್ಲಬ್ಬಿನ ನಿಯಮ. ಇಲ್ದಿದ್ರೆ ಅರ್ಧಕ್ಕೇ ಕೈಕೊಡ್ತಾರೆ. ಬದಲಿ ಜನ ಸಿಕ್ಕಿದ್ರಷ್ಟೇ ಬಿಡುಗಡೆ.”

“ಹಾಗಾದ್ರೆ ಇಷ್ಟು ದಿನ ಯಾರಿದ್ರು?”

ಕೋಚ್ ಸೀಟಿಯಿಂದಲೇ ಮರದ ಕಡೆ ತೋರಿಸಿದ. ನೆರಳಲ್ಲಿ ಗಣಿತದ ಟೀಚರ್ ಮಡಚುವ ಕುರ್ಚಿಯ ಮೇಲೆ ಕಾಲು ಚಾಚಿ ಕೂತಿದ್ದರು. ಪಕ್ಕದಲ್ಲಿ ಅವರ ಮಗಳು ಎ ತಂಡದ ಕೆಂಪು ಅಂಗಿಯನ್ನು ತೊಟ್ಟು ನೋಡುತ್ತಿದ್ದಳು.

“ನಾನು ಹೇಳ್ಲಿಲ್ವಾ, ಕೋಚು ಎಲ್ಲಾ ಗಮನಿಸ್ತಾರೆ ಅಂತ!” ಎಂದು ಟೀಚರ್ ಎದ್ದು ಬಂದು, ಒಂದು ದೊಡ್ಡ ಚೀಲದ ಪಟ್ಟಿಯನ್ನು ಅವನ ಹೆಗಲಿಗೆ ಏರಿಸಿದರು. ಚೆಂಡು, ಪಂಪು, ಔಷಧಿ ಡಬ್ಬಿ, ಎಲ್ಲ ಅದರಲ್ಲೇ.

ಕಾರಿನ ಬಾಗಿಲು ಹಾಕಿಕೊಂಡ ಮೇಲೆ ಪುಟ್ಟಿ ಮೆಲ್ಲಗೆ ಕೇಳಿದಳು: “ಅಪ್ಪಾ, ನಮ್ಮ ಬೀದೀಲಿ ಇನ್ಯಾರ ಮಕ್ಕಳು ಕ್ಲಬ್ಬಿಗೆ ಬರ್ತಾರೆ?”

ಅವನಿಗೆ ಒಬ್ಬರೂ ನೆನಪಾಗಲಿಲ್ಲ. ಮನೆಗೆ ಬಂದವನೇ ಚೀಲವನ್ನು ತೂಕದ ಯಂತ್ರದ ಮೇಲಿಟ್ಟ. ಹದಿನಾಲ್ಕು ಕಿಲೋ ಆರುನೂರು ಗ್ರಾಂ ಇತ್ತು.