ಒಂದು ಸ್ಪೇಸ್ ಹೆಚ್ಚಾಗಿ ಹಾಡುಗಳು ಹೋದವು

ಐವತ್ತೆರಡನೇ ವಯಸ್ಸಿನಲ್ಲಿ ನಾನು ಲಿನಕ್ಸ್ ಕಲಿಯಲು ಹೊರಟೆ. ಯಾರೂ ಬಲವಂತ ಮಾಡಿರಲಿಲ್ಲ. ವಿಜಯನಗರದ ಪಿಯು ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವವನಿಗೆ ಅದರ ಅಗತ್ಯವೂ ಇರಲಿಲ್ಲ. ಆದರೆ ಸುಂಕದಕಟ್ಟೆಯ ನಮ್ಮ ಮನೆಯ ಕಂಪ್ಯೂಟರಿಗೆ ಮೂರನೇ ಸಲ ವೈರಸ್ ಹೊಡೆದಾಗ, ಫಿಸಿಕ್ಸ್ ಮೇಷ್ಟ್ರು ನಾಗರಾಜು ಒಂದು ಸಿ.ಡಿ. ಕೊಟ್ಟು, ಇದನ್ನು ಹಾಕಿಕೊಂಡರೆ ಆ ಕಾಟವಿಲ್ಲ ಎಂದರು. ಮೌಸ್ ಹಿಡಿದು ಒತ್ತುವುದು ಮಕ್ಕಳಾಟ, ಕಪ್ಪು ಪರದೆಯ ಮೇಲೆ ಕಮಾಂಡ್ ಟೈಪ್ ಮಾಡುವವನೇ ಯಜಮಾನ ಎಂದೂ ಸೇರಿಸಿದರು. ಮದುವೆಯಾದ ಇಪ್ಪತ್ತಾರು ವರ್ಷಗಳಲ್ಲಿ ಇಂಥ ಅವಕಾಶ ಮೊದಲ ಬಾರಿ ಒದಗಿತ್ತು.

ಒಂದು ತಿಂಗಳಲ್ಲಿ ಹನ್ನೊಂದು ಕಮಾಂಡ್ ಕಲಿತೆ. ಏಳು ಮರೆತೆ. ಉಳಿದ ನಾಲ್ಕರಲ್ಲಿ ಒಂದು, ಫೈಲುಗಳನ್ನು ಅಳಿಸುವುದು.

ಆ ಕಂಪ್ಯೂಟರಿನಲ್ಲಿ ನನ್ನದೆನ್ನುವಂಥದ್ದು ಏನೂ ಇರಲಿಲ್ಲ. ಇದ್ದದ್ದೆಲ್ಲ ಹೆಂಡತಿ ಗಿರಿಜೆಯದು. ರಾಣೆಬೆನ್ನೂರಿನಿಂದ ಅವಳ ತಾಯಿ, ನನ್ನ ಅತ್ತೆ, ಬಂದು ಒಂದು ತಿಂಗಳಿದ್ದಾಗ ಅವರ ಬಾಯಿಂದ ನೂರಾನಲವತ್ತು ಬೀಸುವ ಪದ ಹೇಳಿಸಿ, ಕನ್ನಡ ಅಕ್ಷರ ಮೂಡದ ಕಾರಣ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿಟ್ಟಿದ್ದಳು. ಬಡಾವಣೆಯ ಮಹಿಳಾ ಸಮಾಜ ಅದನ್ನು ಪುಸ್ತಕ ಮಾಡುವುದಿತ್ತು.

ಒಂದು ಭಾನುವಾರ ಬೆಳಿಗ್ಗೆ ನೋಡಿದರೆ ಪ್ರತಿ ಹಾಡಿಗೂ ಒಂದು ಹಳೆಯ ನಕಲು ತಾನಾಗಿ ಕೂತಿತ್ತು. ನಕಲಿನ ಹೆಸರಿನ ಕೊನೆಗೆ ಒಂದು ಡೊಂಕು ಗೆರೆ. ಹೆಂಡತಿಗೆ ಉಪಕಾರ ಮಾಡೋಣವೆಂದು ಆ ನಕಲುಗಳನ್ನಷ್ಟೇ ಅಳಿಸಲು ಕೂತೆ. ಅಳಿಸುವ ಕಮಾಂಡಿನ ಮುಂದೆ ನಕ್ಷತ್ರದ ಗುರುತು ಹಾಕಿ, ಅದಕ್ಕೆ ಅಂಟಿಸಿ ಡೊಂಕು ಗೆರೆ ಎಳೆದರೆ, ಆ ಗೆರೆಯಿಂದ ಮುಗಿಯುವುದೆಲ್ಲ ಹೋಗು ಎಂದರ್ಥ. ನಾನು ನಡುವೆ ಒಂದು ಸ್ಪೇಸ್ ಬಿಟ್ಟೆ. ಅಂದವಾಗಿ ಕಾಣಲಿ ಎಂದು.

ಆಗ ಅರ್ಥ ಬೇರೆಯಾಗುತ್ತದಂತೆ. ಒಂಟಿ ನಕ್ಷತ್ರವೆಂದರೆ ಎಲ್ಲವೂ. ಒಂಟಿ ಡೊಂಕು ಗೆರೆಯೆಂದರೆ ಮನೆ, ಅಂದರೆ ನಮ್ಮ ಫೈಲುಗಳನ್ನಿಡುವ ಮೂಲ ಜಾಗ. ಯಂತ್ರ ಎಲ್ಲವನ್ನೂ ಅಳಿಸಿತು. ಮನೆಯನ್ನು ಮಾತ್ರ ಅಳಿಸಲಾಗದು ಎಂದು ಒಂದು ಸಾಲು ಬರೆದು ಸುಮ್ಮನಾಯಿತು. ಖಚಿತವೇ ಎಂದು ಒಂದು ಮಾತು ಕೇಳಲಿಲ್ಲ. ಕಸದ ಬುಟ್ಟಿಯೂ ಖಾಲಿ.

ನಾಗರಾಜು ಅವರಿಗೆ ಫೋನ್ ಮಾಡಿದೆ. ಅವರು, ಸಿ.ಡಿ. ಕೊಟ್ಟದ್ದು ತಾವೆಂದು ಮನೆಯಲ್ಲಿ ಹೇಳಬೇಡಿ ಎಂದರು.

ಅಷ್ಟರಲ್ಲಿ ಗಿರಿಜೆ ಕಾಫಿ ಹಿಡಿದು ಬಂದಳು. ಖಾಲಿ ಪರದೆಯನ್ನೂ ನನ್ನನ್ನೂ ನೋಡಿದಳು.

"ರೀ, ನನ್ನ ಹಾಡೆಲ್ಲಿ?"

"ಸ್ವಲ್ಪ ಕ್ಲೀನ್ ಮಾಡ್ತಾ ಇದ್ದೆ ಕಣೇ..."

ಕಾಫಿಯನ್ನು ಅವಳೇ ಕುಡಿದಳು. ನಾಲ್ಕು ದಿನ ಮಾತಿಲ್ಲ. ಅವಳು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕಣ್ಣೊರೆಸಿಕೊಂಡು ಚಪಾತಿ ಲಟ್ಟಿಸುತ್ತಿದ್ದವಳನ್ನು ನೋಡಿದಾಗ ಮಾತ್ರ ನನ್ನ ಕಲಿಕೆಯ ಮೇಲೆ ನನಗೇ ಹೇಸಿಗೆಯಾಯಿತು. ಐದನೇ ದಿನ ನಾನೇ ರಾಣೆಬೆನ್ನೂರಿಗೆ ಹೋಗಿ, ಅತ್ತೆಯ ಮುಂದೆ ತಪ್ಪೊಪ್ಪಿಕೊಂಡು, ಅವರನ್ನು ಬಸ್ಸಿನಲ್ಲಿ ಕರೆತಂದೆ. ದಾರಿಯುದ್ದಕ್ಕೂ ಅವರು ಒಂದು ಗಡುಸು ಮಾತೂ ಆಡಲಿಲ್ಲ.

ಈ ಸಲ ಟೈಪ್ ಮಾಡುವವನು ನಾನು, ಅದೂ ಎರಡೇ ಬೆರಳಲ್ಲಿ. ಅತ್ತೆ ಪ್ರತಿ ಹಾಡನ್ನೂ ಮೊದಲಿಗಿಂತ ಬೇರೆ ಥರ ಹೇಳುತ್ತಿದ್ದರು. ಗಿರಿಜೆ ಅಡುಗೆಮನೆಯಿಂದಲೇ ತಿದ್ದುತ್ತಿದ್ದಳು. ಕುತ್ತಿಗೆ ಹಿಡಿದುಕೊಂಡಿತು, ಕನ್ನಡಕದ ನಂಬರು ಏರಿತು. ಆರು ವಾರಕ್ಕೆ ನೂರಾನಲವತ್ತು ಮುಗಿದು, ನಾನು ಕಂಪ್ಯೂಟರ್ ಆರಿಸಲು ಎದ್ದಾಗ ಅತ್ತೆ ತಡೆದರು.

"ತಡೀರಿ ಅಳಿಯಂದ್ರ, ಇನ್ನೊಂದೈತಿ. ಬರಕೋರ್ರಿ."

ಹೇಳಿದರು, ನಾನು ಬರೆದುಕೊಂಡೆ.

ಕಸ ತೆಗಿಯಂದರ ಮನಿಯನ್ನ ತೆಗೆದಾನ
ಹಸನಾದ ಅಳಿಯ ನಮಗ ಸಿಕ್ಕ, ಶಿವ ತಾನು
ಹುಸಿನಗಿ ನಕ್ಕ ಮ್ಯಾಲಿಂದ

ಅಡುಗೆಮನೆಯಲ್ಲಿ ಗಿರಿಜೆ ನಕ್ಕದ್ದು ಕೇಳಿಸಿತು. ಆ ಭಾನುವಾರದ ನಂತರ ಅದೇ ಮೊದಲು. ಹಾಗಾಗಿ ಆ ಹಾಡನ್ನು ಅಳಿಸಲು ನನಗೆ ಧೈರ್ಯ ಬರಲಿಲ್ಲ.

ಪುಸ್ತಕ ಬಂತು. ಬಿಡುಗಡೆಯ ದಿನ ಸಮಾಜದ ಹೆಂಗಸರು ಬೇರೆಲ್ಲ ಬಿಟ್ಟು ಆ ಅಳಿಯನ ಹಾಡನ್ನೇ ಆರಿಸಿ ಹಾಡಿದರು. ಅಧ್ಯಕ್ಷೆ ನನ್ನನ್ನು ಇತಿಹಾಸದ ಮೇಷ್ಟ್ರೆಂದು ವೇದಿಕೆಗೆ ಕರೆದು, ಇದು ಯಾವ ಕಾಲದ ಹಾಡಿರಬಹುದು ಎಂದು ಕೇಳಿದರು.

ಸುಮಾರು ಮುನ್ನೂರು ವರ್ಷ ಹಳೆಯದು ಎಂದೆ.