ಮೊದಲು ಅತ್ತವನನ್ನು ಹಿಡೀರಿ

ಹೆಣ ನೋಡಿಕೊಂಡು ಉಪ್ಪಿಟ್ಟು ತಿನ್ನುವ ಚಟ ನನಗೆ ಹತ್ತಿದ್ದು ನಿವೃತ್ತನಾದ ಮೇಲೆ. ಗಾಬರಿಯಾಗಬೇಡಿ, ಟೀವಿಯ ಹೆಣ. ಬೇರೆಯವರ ಸಾವಿನ ರುಚಿ ಮನುಷ್ಯನಿಗೆ ಇಷ್ಟು ಬೇಗ ಹತ್ತುತ್ತದೆಂದು ಕಡೂರಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟ ನನಗೂ ಗೊತ್ತಿರಲಿಲ್ಲ. ನಾನು ನೋಡುವ ಕೊಲೆ ಧಾರಾವಾಹಿಯ ಇನ್ಸ್‌ಪೆಕ್ಟರ್ ಹೆಣದ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಾ, "ಪಾಪ, ಬೆಳಿಗ್ಗೆ ತಾನೆ ಶೇವ್ ಮಾಡ್ಕೊಂಡಿದ್ದ, ದಂಡ" ಎನ್ನುತ್ತಾನೆ. ನಾನು ನಗುತ್ತೇನೆ. "ಸತ್ತೋರ್ನ ನೋಡಿ ಹಲ್ಲು ಕಿರೀತೀರಲ್ರೀ, ಮನೆಗೆ ಒಳ್ಳೇದಲ್ಲ" ಎಂದು ನನ್ನ ಹೆಂಡತಿ ಶಾಂತಾ ಬಯ್ಯುತ್ತಾಳೆ. ಬಯ್ದು, ಕೊಂದವನು ಯಾರೆಂದು ತಿಳಿಯುವವರೆಗೂ ಬಾಗಿಲ ಹತ್ತಿರವೇ ನಿಂತಿರುತ್ತಾಳೆ.

ಆ ಭಾನುವಾರದ ಎಪಿಸೋಡಿನಲ್ಲಿ ಒಬ್ಬ ಮುದುಕ ತಾನು ಸತ್ತೆನೆಂದು ನೆಂಟರಿಗೆಲ್ಲ ತಾನೇ ಸುದ್ದಿ ಕಳಿಸಿ, ಯಾರು ಅಳುತ್ತಾರೆಂದು ಅಟ್ಟದಲ್ಲಿ ಕೂತು ನೋಡುತ್ತಾನೆ. ಸಂಜೆಯೊಳಗೆ ನಿಜವಾಗಿಯೂ ಕೊಲೆಯಾಗುತ್ತಾನೆ. ಇನ್ಸ್‌ಪೆಕ್ಟರ್ ಸಿಪ್ಪೆ ಊದಿ, "ಮೊದಲು ಅತ್ತವನನ್ನು ಹಿಡೀರಿ" ಎಂದ. ಸರಿಯಾಗಿ ಆಗಲೇ ಅಜ್ಜಂಪುರದಿಂದ ಫೋನ್ ಬಂತು. ಪುಟ್ಟಕ್ಕನ ಮಗ ಲೋಕೇಶ. ಪುಟ್ಟಕ್ಕ ನನ್ನ ಒಬ್ಬಳೇ ಅಕ್ಕ. ಅವ್ವ ತೀರಿಕೊಂಡ ಮೇಲೆ ನನ್ನನ್ನು ಕಂಕುಳಲ್ಲಿ ಎತ್ತಿಕೊಂಡು ಸಾಕಿದವಳು.

"ಮಾವಾ, ಅವ್ವ ಹೋಗ್ಬಿಟ್ಳು."

ನನಗೆ ಅಳು ಬರಲಿಲ್ಲ, ಪ್ರಶ್ನೆ ಬಂತು. "ಎಷ್ಟೊತ್ತಿಗೆ? ಕೊನೇಲಿ ನೋಡ್ದೋರ್ ಯಾರು?"

ಅವನು ತಡವರಿಸಿದ. ಹಿಂದೆ ಪುಟ್ಟಕ್ಕನದೇ ಕೆಮ್ಮು ಕೇಳಿಸಿತು. ಕಳ್ಳ ಸಿಕ್ಕಿಬಿದ್ದ ಎಂದು ಹಿಗ್ಗಿ, "ಲೇ, ಅಕ್ಕನ ತಲೆ ಕಾಗೆ ಮುಟ್ಟಿತೇನೋ?" ಎಂದೆ.

ನಮ್ಮ ಕಡೆ ಕಾಗೆ ತಲೆ ಮುಟ್ಟಿದರೆ ಸಾವಿನ ಸೂಚನೆ. ಹತ್ತಿರದವರಿಗೆ ಸತ್ತರೆಂದು ಸುಳ್ಳು ಸುದ್ದಿ ಕಳಿಸುವುದೇ ಅದಕ್ಕೆ ಪರಿಹಾರ. ಅವರು ನಂಬಿ ಅತ್ತರೆ ಗಂಡಾಂತರ ಕಳೆಯಿತು. ಸುಳ್ಳೆಂದು ಗೊತ್ತಾದ ಮೇಲೆ ಎಷ್ಟು ಅತ್ತರೂ ಉಪಯೋಗವಿಲ್ಲ.

ಪುಟ್ಟಕ್ಕ ಫೋನ್ ಕಿತ್ತುಕೊಂಡಳು. "ಅಳೋಕ್ ಮುಂಚೆ ವಿಚಾರಣೆ ಮಾಡ್ತೀಯೇನೋ ಪಾಪಿ? ನೀನಾದ್ರೂ ಅಳ್ತೀಯ ಅಂದ್ಕೊಂಡಿದ್ದೆ ಕಣೋ."

ಮಾರನೆಯ ದಿನ ಬೀರೂರಿಗೆ ಹೋಗಿ ಅಜ್ಜಂಪುರದ ಬಸ್ಸು ಹತ್ತಿದೆ. ಪುಟ್ಟಕ್ಕ ಜಗಲಿಯ ಮೇಲೆ ಊದಿದ ಕಾಲು ಚಾಚಿಕೊಂಡು ಕೂತಿದ್ದಳು. ಲೋಕೇಶ ನನ್ನನ್ನು ಪಕ್ಕಕ್ಕೆ ಕರೆದು, "ಹಾರ್ಟು ಸೋತೋಗಿದೆ ಅಂದ್ರು ಮಾವ, ತರೀಕೆರೆ ಡಾಕ್ಟ್ರು" ಎಂದ. ಹೃದಯದ ನಾಲ್ಕು ಕೋಣೆಗಳನ್ನು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದವನು ನಾನು. ಅಕ್ಕ ಹೆದರಿದ್ದಾಳೆಂಬುದು ಮಾತ್ರ ನನಗೆ ಹೊಳೆದಿರಲಿಲ್ಲ. ನಾಚಿಕೆಯಾಯಿತು. ಅವಳ ಮುಂದೆ ಕೂತು ಟವೆಲು ಮುಖಕ್ಕೆ ಒತ್ತಿಕೊಂಡು, ಗಂಟಲಲ್ಲಿ ಹೇಗೋ ಸದ್ದು ಹೊರಡಿಸಿದೆ.

ಅವಳು ಟವೆಲಿನ ತುದಿ ಸರಿಸಿ ನೋಡಿದಳು. "ಸಾಕು ಬಿಡೋ. ನಿನ್ ಟೀವೀಲಿ ಕೊಂದೋನು ಹಿಂಗೇ ಅಳೋದು." ಹಾಗೆಂದು ನಕ್ಕಳು, ನಕ್ಕಿದ್ದಕ್ಕೆ ಬಹಳ ಹೊತ್ತು ಕೆಮ್ಮಿದಳು.

ಇಪ್ಪತ್ತು ದಿನ ಕಳೆದಿರಬೇಕು, ಲೋಕೇಶ ಮತ್ತೆ ಫೋನ್ ಮಾಡಿ ಅದೇ ಮಾತು ಹೇಳಿದ. "ಮತ್ತೆ ಕಾಗೆಯೇನೋ?" ಎಂದು ಕೇಳಿದೆ. ಈ ಸಲ ಅವನು ತಡವರಿಸಲಿಲ್ಲ. "ಇಲ್ಲ ಮಾವ" ಎಂದ. ಹಿಂದೆ ಕೆಮ್ಮೂ ಇರಲಿಲ್ಲ. ಶಾಂತಾ ಒಲೆ ಆರಿಸಿ ಓಡಿಬರುವಷ್ಟು ಜೋರಾಗಿ ಅತ್ತೆ.

ಮೂರನೆಯ ದಿನ ಹಾಲುತುಪ್ಪ ಬಿಟ್ಟು, ಅವಳಿಗಿಷ್ಟವಾದ ಕಡುಬು, ಹುರುಳಿಸಾರು ಎಡೆ ಇಟ್ಟೆವು. ಕಾಗೆ ಬಂದು ಕೂತಿತು, ಆದರೆ ಎಡೆ ಮುಟ್ಟಲಿಲ್ಲ. ಬಿಸಿಲೇರಿತು. "ಏನೋ ಆಸೆ ಉಳ್ಕೊಂಡಿದೆ, ಯಾರಾದ್ರೂ ಕೇಳ್ಕೊಳ್ರಪ್ಪ" ಎಂದರು ಹಿರಿಯರು. ಎಲ್ಲರೂ ಒಬ್ಬೊಬ್ಬರಾಗಿ ಕೇಳಿಕೊಂಡರು. ಕಡೆಗೆ ವಿಜ್ಞಾನದ ಮೇಷ್ಟ್ರಾದ ನಾನೇ ಎದ್ದು ಹೋಗಿ, ಬೇಲಿಯ ಮೇಲಿದ್ದ ಆ ಕಾಗೆಗೆ ಕೈಮುಗಿದು, "ಅತ್ತಿದೀನಿ ಕಣಕ್ಕ, ಈ ಸಲ ನಿಜವಾಗ್ಲೂ ಅತ್ತಿದೀನಿ, ಬೇಕಾದ್ರೆ ಶಾಂತನ್ನ ಕೇಳು" ಎಂದು ಪಿಸುಗುಟ್ಟಿದೆ.

ಕಾಗೆ ಕತ್ತು ವಾಲಿಸಿ ನನ್ನನ್ನು ನೋಡಿತು. ನಂಬಿದ ಹಾಗೆ ಕಾಣಲಿಲ್ಲ.